ಬಿಟ್ಟುಹೋದ ಸುತ್ತುಗಳು

ಬಸ್ಸು ತ್ಯಾವಣಿಗೆ ಬಿಟ್ಟಾಗಿನಿಂದ ಮೇಘಶ್ರೀ ಯಾರಿಗೂ ಕಾಣದ ಹಾಗೆ ತನ್ನ ಅಂಗೈ ಮೂಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದಿದ್ದರೂ ಬಜೆಯ ವಾಸನೆ ಹೋಗಿರಲಿಲ್ಲ. ಹಾಗೆ ನೋಡಿದರೆ ಅವಳು ಬಜೆಯನ್ನು ಮುಟ್ಟಿಯೇ ಇರಲಿಲ್ಲ. ಗದ್ದೆಯಲ್ಲಿ ಬಜೆ ಕೀಳುವ ಕೆಲಸ ಶುರುವಾಗಿತ್ತು. ಅಂಗಳ, ತಾರಸಿ, ಕೊಟ್ಟಿಗೆಯ ಮುಂದಿನ ಜಾಗ, ಎಲ್ಲೆಲ್ಲೂ ಬೇರು ಹರವಿದ್ದರು. ಒಗೆದ ಬಟ್ಟೆಗೆ, ಕುಡಿಯುವ ನೀರಿಗೆ, ಮಗಳ ತಲೆಗೂದಲಿಗೆ ಆ ಘಾಟು ಹತ್ತಿಕೊಂಡಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗರಳಿಸಿ ತಿರುಗಿದಳು. "ಬಾಣಂತಿ ಮನೆಯಿಂದ ಬಂದ್ರೇನ್ರೀ?" ಮೇಘಶ್ರೀ ಇಲ್ಲವೆಂದಳು. "ಬಜೆ ವಾಸ್ನೆ ಬಂತು, ಅದಕ್ಕೇ ಕೇಳ್ದೆ. ಒಳ್ಳೇದು ಬಿಡ್ರಿ, ನಮ್ಮ ಮನ್ಯಾಗೆ ಈ ವಾಸ್ನೆ ಬಂದು ಎಷ್ಟು ವರ್ಷ ಆತೋ," ಎಂದು ಹೆಂಗಸು ನಕ್ಕು, ಆಸೆಯಿಂದ ಇನ್ನೊಮ್ಮೆ ಉಸಿರೆಳೆದುಕೊಂಡಳು. ಮೇಘಶ್ರೀ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದಳು.

ಸಂತೇಬೆನ್ನೂರಿನ ಆಚೆಯ ಒಂದು ಹಳ್ಳಿಯ ಅಂಗನವಾಡಿಗೆ ಅವಳು ಹೊರಟಿದ್ದಳು. ಅಲ್ಲಿಯ ಆಶಾ ಕಾರ್ಯಕರ್ತೆ ಸುಧಾ ಫೋನು ಮಾಡಿದ್ದಳು. ಆ ಊರಿನ ಎಳೆಗೂಸೊಂದಕ್ಕೆ ಬಜೆ ತೇಯ್ದು ನೆಕ್ಕಿಸಿದ ಸಂಜೆ ವಾಂತಿ ಹತ್ತಿ, ಆಮೇಲೆ ಫಿಟ್ಸು ಬಂದು, ದಾವಣಗೆರೆಗೆ ಎತ್ತಿಕೊಂಡು ಓಡಿದ್ದರು. ಮಗು ಉಳಿಯಿತು. ತಾಯಂದಿರಿಗೆ ತಿಳಿವಳಿಕೆ ಕೊಡಿಸಿ ಎಂದು ಡಾಕ್ಟರು ಸುಧಾಗೆ ಹೇಳಿದ್ದರು. "ನೀವು ಬಜೆ ಮೇಲೆ ಎಂ.ಎಸ್ಸಿ. ಮಾಡೀರಂತಲ್ಲ ಮೇಡಂ, ಒಂದರ್ಧ ತಾಸು ಮಾತಾಡ್ರಿ. ನಾನು ಹೇಳಿದ್ರೆ ಮುದುಕಿಯರು ನನ್ನನ್ನೇ ಮೂಲೆಗೆ ಕೂರಿಸ್ತಾರೆ." ಬಜೆ ಮೇಲೆ ಎಂ.ಎಸ್ಸಿ. ಯಾರೂ ಮಾಡುವುದಿಲ್ಲ. ಅವಳು ಸಸ್ಯಶಾಸ್ತ್ರ ಓದಿ, ಚನ್ನಗಿರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಜವುಗು ನೆಲದ ಔಷಧಿ ಗಿಡಗಳನ್ನು ತೆಗೆದುಕೊಂಡಿದ್ದಳು, ಅಷ್ಟೇ. ಹಾಸ್ಟೆಲಿನ ಲೈಬ್ರರಿಯಲ್ಲಿ ಫ್ಯಾನು ಕಿರ್ ಎನ್ನುವಾಗ ಮೊದಲ ಸಲ ಬೀಟಾ-ಅಸರೋನ್ ಎಂಬ ಹೆಸರು ಓದಿದ್ದು ನೆನಪಿದೆ. ಬಜೆಯ ಎಣ್ಣೆಯಲ್ಲಿ ಇರುವುದು. ಇಲಿಗಳಿಗೆ ಬಹಳ ಕಾಲ ತಿನ್ನಿಸಿದಾಗ ಕರುಳಿನಲ್ಲಿ ಗಡ್ಡೆ ಕಟ್ಟಿದ್ದು. ಅಮೆರಿಕದ ಬಜೆಯಲ್ಲಿ ಅದು ಇಲ್ಲವಂತೆ, ನಮ್ಮ ಕಡೆಯದರಲ್ಲಿ ಬೇಕಾದಷ್ಟು. ಆ ದಿನ ಅವಳಿಗೆ ಭಯವಾಗಿರಲಿಲ್ಲ, ಖುಷಿಯಾಗಿತ್ತು. ಜಗಳೂರಿನ ತನ್ನ ಅವ್ವನಿಗೆ, ಅಜ್ಜಿಗೆ, ಓಣಿಯ ಯಾವ ಹೆಂಗಸಿಗೂ ಗೊತ್ತಿಲ್ಲದ್ದು ತನಗೆ ಗೊತ್ತಾಯಿತೆಂಬ ಖುಷಿ. ಅವ್ವನಿಗೆ ಫೋನಿನಲ್ಲಿ ಹೇಳಿದ್ದಳು. "ನಿನಗೂ ನೆಕ್ಕಿಸೀನಿ ಕಣೆ, ಅದಕ್ಕೇ ಇಷ್ಟು ಬಾಯಿ," ಎಂದು ಅವ್ವ ಫೋನಿಟ್ಟಿದ್ದಳು.

ಅದೇ ಬಾಯಿ. ಮದುವೆಯಾಗಿ ಬಂದ ಮೇಲೆ ಕಾಲುವೆಯ ಬಸಿನೀರು ನಿಲ್ಲುವ ತಗ್ಗಿನ ಗದ್ದೆಯನ್ನು ನೋಡಿ, ಇಲ್ಲಿ ಭತ್ತ ಕೊಳೆಯುತ್ತದೆ, ಬಜೆ ಹಾಕಿ, ಬಜೆಗೆ ನೀರೇ ಬೇಕು ಎಂದವಳು ಅವಳೇ. ಒಣ ಸೀಮೆಯ ಹುಡುಗಿ ಕೆಸರಿನ ಬಗ್ಗೆ ಬುದ್ಧಿ ಹೇಳುತ್ತಾಳೆಂದು ಗಂಡ ಗುರುಬಸವರಾಜ್ ಮೊದಲು ನಕ್ಕ. ಆಮೇಲೆ ಹಾಕಿದ. ಕತ್ತಿಯಂಥ ಎಲೆಗಳು ಸೊಂಟದ ಎತ್ತರ ಬಂದವು. ಆ ಮನೆಯಲ್ಲಿ ಅವಳ ಓದಿಗೆ ಬೆಲೆ ಬಂದದ್ದು ಆಗಲೇ. ಬೇರು ಯಾರು ಕೊಳ್ಳುತ್ತಾರೆ ಎಂದು ಅವಳು ಕೇಳಲಿಲ್ಲ. ಎಣ್ಣೆಗೆ, ಅಗರಬತ್ತಿಗೆ, ಹುಳದ ಔಷಧಿಗೆ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡಿದ್ದಳು. ಒಂದು ದಿನ ಲೋಡು ತುಂಬಿಸಿಕೊಳ್ಳುತ್ತಿದ್ದ ವ್ಯಾಪಾರಿ ಅವಳ ಬಸುರಿ ಹೊಟ್ಟೆ ನೋಡಿ, "ಒಳ್ಳೆ ಗೆಣ್ಣು ನೋಡಿ ಒಂದಿಷ್ಟು ತೆಗೆದಿಟ್ಕಳ್ರಮ್ಮ, ನಿಮಗೂ ಬೇಕಾಗ್ತೈತೆ. ಇದೆಲ್ಲ ಹೋಗೋದು ಗ್ರಂಧಿಗೆ ಅಂಗಡಿಗೇ, ಎಲ್ಲಾ ಮಕ್ಕಳ ನಾಲಿಗೆಗೇ," ಎಂದಿದ್ದ.

ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅತ್ತೆ ರುದ್ರಾಣಮ್ಮ ಸಾಣೆಕಲ್ಲು ತೊಳೆದು, ಜೇನಿನ ಬಟ್ಟಲು ಇಟ್ಟುಕೊಂಡು, ಬಂದವರ ನಡುವೆ ಕೂತಿದ್ದರು. ಆ ಮನೆಯಲ್ಲಿ ಬಜೆಯನ್ನು ತೂಗುವುದಿಲ್ಲ, ಅಳೆಯುವುದಿಲ್ಲ. ಕಲ್ಲಿನ ಮೇಲೆ ಸುತ್ತಿ ತೇಯುತ್ತಾರೆ, ಮಗು ಬೆಳೆದ ಹಾಗೆ ಸುತ್ತು ಹೆಚ್ಚಿಸುತ್ತಾರೆ. "ಒಂದೇ ಸುತ್ತು, ನಾಲಿಗೆ ತುದಿಗೆ ಮುಟ್ಟಿಸ್ತೀನಿ. ಮಾತು ಚೆಂದ ಬರ್ತೈತೆ," ಎಂದರು. "ಬೇಡ ಅತ್ತೆ. ಅದರಾಗೆ ವಿಷ ಐತೆ," ಎಂದಳು ಮೇಘಶ್ರೀ. ನಾದಿನಿ ಪ್ರಮೀಳಾ, "ಹಂಗಾರೆ ನಾವೆಲ್ಲಾ ಸತ್ತು ಎಷ್ಟು ವರ್ಷ ಆತು ಅತ್ತಿಗೆ?" ಎಂದಳು. ಎಲ್ಲರೂ ನಕ್ಕರು. ರುದ್ರಾಣಮ್ಮ ನಗಲಿಲ್ಲ. ಕಲ್ಲನ್ನು ಸೆರಗಿನಿಂದ ಒರೆಸಿ, ಎದ್ದು, ಅಡುಗೆಮನೆಯ ಅಟ್ಟದ ಮೇಲಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ. ತಾನು ಗೆದ್ದೆ ಎಂದುಕೊಂಡದ್ದು ಮೇಘಶ್ರೀಗೆ ಈಗಲೂ ನೆನಪಿದೆ. ಅಂದು ರಾತ್ರಿ ಮಗುವನ್ನು ಎದೆಗೆ ಹಾಕಿಕೊಂಡು ಅದರ ಶುದ್ಧವಾದ, ಏನೂ ಸೋಕದ ಬಾಯಿಯನ್ನು ನೋಡುತ್ತ ಕೂತಿದ್ದಳು.

ಸಿಂಚನಳಿಗೆ ಈಗ ಮೂರು ತುಂಬಿದೆ. ಒಂದು ಮಾತೂ ಬಂದಿಲ್ಲ. ಅವ್ವ ಎಂದಿಲ್ಲ, ನೀರು ಎಂದಿಲ್ಲ. ಗಂಟಲಿನಲ್ಲಿ ಮಿಕ್ಸಿ ದೂರದಲ್ಲಿ ತಿರುಗಿದ ಹಾಗೆ ಒಂದು ಸದ್ದು ಮಾಡುತ್ತಾಳೆ. ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದರು, ಕಿವಿ ಸರಿಯಿದೆ. ಕೆಲವು ಮಕ್ಕಳು ಹೀಗೆ, ಕಾರಣ ಇಂಥದ್ದೇ ಎಂದು ಹೇಳುವುದಕ್ಕೆ ಬರುವುದಿಲ್ಲ, ಮಾತಿನ ತರಬೇತಿಗೆ ಕರೆದುಕೊಂಡು ಬನ್ನಿ ಎಂದರು ಡಾಕ್ಟರು. ಕರೆದುಕೊಂಡು ಹೋಗುತ್ತಲೇ ಇದ್ದಾಳೆ. ಅಲ್ಲಿಯವರು ಚಪ್ಪಾಳೆ ಹೊಡೆದಾಗ ಸಿಂಚನ ಚೆಂಡನ್ನು ಡಬ್ಬಿಗೆ ಹಾಕುವುದನ್ನು ಕಲಿತಿದ್ದಾಳೆ. ಕಾರಣ ಗೊತ್ತಿಲ್ಲ ಎಂಬ ಮಾತನ್ನು ಡಾಕ್ಟರು ಎಷ್ಟು ಸಲೀಸಾಗಿ ಹೇಳಿದರು! ಮನೆಯಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು. ಗುರುಬಸವರಾಜನಿಗೂ ಗೊತ್ತಿತ್ತು. ಅವನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮಗಳು ಆ ಸದ್ದು ಮಾಡಿದಾಗ ಟಿವಿಯ ವಾಲ್ಯೂಮು ಸ್ವಲ್ಪ ಜಾಸ್ತಿ ಮಾಡುತ್ತಿದ್ದ. ಹೇಳುವವಳು ಪ್ರಮೀಳಾ ಒಬ್ಬಳೇ. ಹಬ್ಬಕ್ಕೆ ಬಂದಾಗ ಒಣಹಾಕಿದ ರಾಶಿಯನ್ನು ಕಾಲಿನಿಂದ ಸರಿಸುತ್ತ, "ಊರ ಮಕ್ಕಳಿಗೆಲ್ಲ ಮದ್ದು, ತನ್ನ ಮಗಳಿಗೆ ಮಾತ್ರ ವಿಷ," ಎಂದಿದ್ದಳು. ಅದು ಸುಳ್ಳಲ್ಲವಲ್ಲ.

ಅಂಗನವಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಚಾಪೆಯ ಮೇಲೆ ಕೂತಿದ್ದರು, ಅರ್ಧದಷ್ಟು ಜನರ ಮಡಿಲಲ್ಲಿ ಕೂಸು. ಕೆಲವು ಕೂಸುಗಳ ಮುಂಗೈಯಲ್ಲಿ ಬಜೆಯ ಚೂರು ಪೋಣಿಸಿದ ಕರಿದಾರ ಇತ್ತು. ಮೇಘಶ್ರೀ ಕ್ಲಾಸಿನಲ್ಲಿ ನಿಲ್ಲುವ ಹಾಗೆ ನಿಂತಳು. ಬಜೆ ಜವುಗಿನ ಗಿಡ, ನಾವು ಬೇರು ಅನ್ನುವುದು ನೆಲದೊಳಗಿನ ಕಾಂಡ, ಅದರಲ್ಲಿ ಇಂಥ ಎಣ್ಣೆ ಇದೆ, ಎಳೆಮಕ್ಕಳ ಲಿವರಿಗೆ ಅದನ್ನು ಅರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ ಎಂದಳು. ಇಲಿಗಳ ವಿಷಯ ಹೇಳಿದಳು, ಬಜೆಯಿಂದ ಮಾತು ಬರುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲವೆಂದಳು. ಮುಂದಿನ ಸಾಲಿನಲ್ಲಿ, ಊರಿನ ಕೂಸುಗಳಿಗೆಲ್ಲ ನೀರು ಹಾಕಿ ಬೆಳೆಸಿದ ಕೆಂಪಕ್ಕ ಎಂಬ ಮುದುಕಿ ಎಲೆಅಡಿಕೆ ಜಗಿಯುತ್ತ ಕೂತಿದ್ದಳು.

"ಇಲಿಗೆ ಯಾಕ್ರೀ ಬಜೆ ತಿನ್ನಿಸಿದ್ರು? ಅವು ಮಾತಾಡಬೇಕಿತ್ತಾ?"

ಅಂಗನವಾಡಿ ಬಿದ್ದುಹೋಗುವ ಹಾಗೆ ನಕ್ಕರು. ಒಂದು ಕೂಸು ಬೆಚ್ಚಿ ಅಳತೊಡಗಿತು. ಮೇಘಶ್ರೀಯೂ ನಕ್ಕಳು, ನಗದಿದ್ದರೆ ಸೋತ ಹಾಗೆ.

"ಮಕ್ಕಳಿಗೆ ಕೊಟ್ಟು ನೋಡ್ಯಾರಾ?" ಎಂದಳು ಕೆಂಪಕ್ಕ.

"ಇಲ್ಲಮ್ಮ, ಮಕ್ಕಳ ಮೇಲೆ ಹಂಗೆ ಪರೀಕ್ಷೆ ಮಾಡಾಕೆ ಆಗಲ್ಲ."

"ಮತ್ತೆ ಮಾತು ಬರಲ್ಲ ಅಂತ ಹೆಂಗೆ ಹೇಳ್ತೀರಿ?"

"ಬರಲ್ಲ ಅಂತ ಅನ್ನಲಿಲ್ಲ. ಬಜೆಯಿಂದ ಬರ್ತೈತೆ ಅನ್ನೋದಕ್ಕೆ ಪುರಾವೆ ಇಲ್ಲ ಅಂದೆ."

"ಅದೇ ಮತ್ತೆ. ಬರಲ್ಲ ಅನ್ನಾಕೂ ಇಲ್ಲವಲ್ಲ."

ಮುದುಕಿ ಅದನ್ನು ಜಗಳಕ್ಕೆ ಹೇಳಿರಲಿಲ್ಲ, ಲೆಕ್ಕ ಸರಿಮಾಡಿದವಳ ಹಾಗೆ ಹೇಳಿ ಹೊರಗೆ ಉಗುಳಲು ಎದ್ದುಹೋದಳು. ಪುರಾವೆ ಇಲ್ಲ ಎಂಬುದು ಎರಡೂ ಕಡೆ ಕೊಯ್ಯುತ್ತದೆಂದು ಮೇಘಶ್ರೀ ಹುಡುಗರಿಗೆ ಪಾಠ ಮಾಡಿದ್ದಾಳೆ. ಆ ಮಾತು ಇಂಥ ಬಾಯಿಂದ ತನಗೇ ವಾಪಸು ಬಂದಿತ್ತು. ಆಗ ಕಿಟಕಿಯ ಹತ್ತಿರ ಕೂತಿದ್ದ ಎಳೆಯ ತಾಯಿಯೊಬ್ಬಳು, ಇನ್ನೂ ತಲೆಗೆ ಬಟ್ಟೆ ಕಟ್ಟಿಕೊಂಡ ಹಸಿ ಬಾಣಂತಿ, ಮೆಲ್ಲಗೆ ಕೇಳಿದಳು. "ಮೇಡಂ, ನಿಮ್ಮ ಮಕ್ಕಳಿಗೆ ಹಾಕಿಲ್ವಾ?"

"ಒಬ್ಬಳೇ ಮಗಳು. ಹಾಕಿಲ್ಲ."

"ಎಷ್ಟು ವರ್ಷ?"

"ಮೂರು."

"ಚೆಂದ ಮಾತಾಡ್ತಾಳಾ?"

ಎಲ್ಲರೂ ಅವಳ ಮುಖ ನೋಡಿದರು. ಇಲಿಯ ಮಾತು ಬೇಡವಾಗಿದ್ದ ಕಿವಿಗಳೆಲ್ಲ ಈಗ ಇತ್ತ ತಿರುಗಿದ್ದವು. "ಮಾತಾಡ್ತಾಳೆ," ಎಂದಳು ಮೇಘಶ್ರೀ. ಸಾಲದೆನಿಸಿತು. "ಬಾಯಿ ಮುಚ್ಚಲ್ಲ. ಹಾಡೂ ಹೇಳ್ತಾಳೆ." ಬಾಣಂತಿ ಮಡಿಲಿನ ಕೂಸಿನ ಕಡೆ ನೋಡಿಕೊಂಡು, "ಹಂಗಾರೆ ನಾನೂ ಹಾಕಲ್ಲ ಬಿಡ್ರಿ," ಎಂದಳು. ಪಕ್ಕದವಳೂ ತಲೆಯಾಡಿಸಿದಳು. ಸುಧಾಗೆ ಗೊತ್ತಿತ್ತು. ಕಿವಿ ಪರೀಕ್ಷೆಗೆ ಎಲ್ಲಿ ಹೋಗಬೇಕೆಂದು ವಿಚಾರಿಸಿ ಹೇಳಿದವಳೇ ಸುಧಾ. ಅವಳು ಮೇಘಶ್ರೀಯನ್ನು ನೋಡದೆ, ತಲೆ ತಗ್ಗಿಸಿ, ಶೇಂಗಾ ಚಿಕ್ಕಿ ಹಂಚಲು ಶುರುಮಾಡಿದಳು. ಬೀಳ್ಕೊಡುವಾಗ, "ಕೇಳಿದ್ರು ನೋಡ್ರಿ ಮೇಡಂ, ಒಳ್ಳೇದಾತು," ಎಂದಳು. ಆ ದನಿಯಲ್ಲಿ ಕನಿಕರವಿತ್ತು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು.

ವಾಪಸು ಬರುವ ಬಸ್ಸಿನಲ್ಲಿ ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತು, ಜನರ ಬೆವರಿನ ನಡುವೆ, ತಾನು ಮಾಡಿದ್ದೇನೆಂದು ಯೋಚಿಸಿದಳು. ಇಲಿ, ಲಿವರು, ಎಣ್ಣೆ, ಸತ್ಯವಾದದ್ದೆಲ್ಲ ನಗೆಪಾಟಲಾಯಿತು. ನಿಂತದ್ದು ಸುಳ್ಳೊಂದೇ. ಆ ಬಾಣಂತಿಯ ಕೂಸನ್ನು ಕಾಪಾಡಿದ್ದು ವಿಜ್ಞಾನವಲ್ಲ, ಹಾಡು ಹೇಳುವ ಸಿಂಚನ. ಆ ಸಿಂಚನ ಎಲ್ಲಿದ್ದಾಳೆ? ಒಂದು ಗಳಿಗೆ ಅವಳು ನಿಜಕ್ಕೂ ಕಂಡಳು. ಬಾಗಿಲಲ್ಲಿ ನಿಂತು, ತಲೆಗೂದಲು ಹಣೆಗೆ ಬಿದ್ದು, ಅವ್ವ ಎಲ್ಲಿಗೆ ಹೋಗಿದ್ದೆ ಎನ್ನುವ ಹುಡುಗಿ. ನಾಲಿಗೆಗೆ ಬಜೆ ಮುಟ್ಟಿಸಿಕೊಂಡು ಬೆಳೆದ ಹುಡುಗಿ. ಅಸಹ್ಯವಾಯಿತು. ಹಾಗಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಕ್ಲಾಸಿನ ಹುಡುಗರಿಗೆ ಹೇಳುವ ಹಾಗೆ. ಬಜೆ ನೆಕ್ಕಿಯೂ ಮಾತು ಬಾರದ ಮಕ್ಕಳಿದ್ದಾರೆ. ನೆಕ್ಕದೆಯೂ ಮಾತಾಡುವ ಮಕ್ಕಳಿದ್ದಾರೆ. ಎಲ್ಲಿದ್ದಾರೆ, ಇಲ್ಲಿ ನೆಕ್ಕಿಸದ ಮಕ್ಕಳೇ ಇಲ್ಲವಲ್ಲ! ಈ ಸೀಮೆಗೆಲ್ಲ ನೆಕ್ಕದವಳು ಇವಳೊಬ್ಬಳೇ. ಮಾತು ಬಾರದವಳೂ ಇವಳೊಬ್ಬಳೇ. ಒಂದರಿಂದ ಏನೂ ಸಾಬೀತಾಗುವುದಿಲ್ಲ, ಅದು ಅವಳಿಗೆ ಗೊತ್ತು. ಆ ಒಂದು ತನ್ನದಾದಾಗ?

ಆಗ ಅವಳಿಗೆ ಹೊಳೆಯಿತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಅವಳು ದಿನವೂ ಚನ್ನಗಿರಿಗೆ ಹೋಗುತ್ತಿದ್ದಳು. ಮನೆ ತುಂಬ ಬಜೆ, ಅಟ್ಟದ ಮೇಲೆ ಕಲ್ಲು, ಹಗಲಿಡೀ ಮಗುವೊಂದಿಗೆ ರುದ್ರಾಣಮ್ಮ ಒಬ್ಬರೇ. ಐದು ಮಕ್ಕಳನ್ನು ಬಜೆಯ ಮೇಲೆ ಬೆಳೆಸಿದ ಹೆಂಗಸು ಸುಮ್ಮನಿದ್ದಾರೆಯೇ? ಕದ್ದು ನೆಕ್ಕಿಸಿಯೇ ಇರುತ್ತಾರೆ. ಯಾವ ಅತ್ತೆ ಬಿಡುತ್ತಾಳೆ? ಹಿಂದೆ ಈ ಅನುಮಾನ ಬಂದಾಗಲೆಲ್ಲ ಸಿಟ್ಟಿನಿಂದ ಮೈ ಉರಿದಿತ್ತು, ಮಗುವಿನ ಬಾಯಿ ಮೂಸಿ ನೋಡಿದ್ದಳು. ಈಗ ಅದೇ ಅನುಮಾನ ತಣ್ಣನೆಯ ನೀರಿನ ಹಾಗೆ ಎದೆಗೆ ಇಳಿಯಿತು. ನೆಕ್ಕಿಸಿರಲಿ ದೇವರೇ, ಎಂದುಕೊಂಡಳು. ನೆಕ್ಕಿಸಿದ್ದರೆ ಬಜೆ ಸೋತಿತು, ತಾನು ಉಳಿದೆ. ಮಗಳಿಗೆ ಮೋಸವಾಗಿರಲಿ, ವಿಷ ಹೋಗಿರಲಿ ಎಂದು ತಾಯಿಯೊಬ್ಬಳು ಬಸ್ಸಿನ ಕಂಬಿ ಹಿಡಿದು ಬೇಡಿಕೊಂಡಳು. ತಾನು ಬೇಡಿಕೊಳ್ಳುತ್ತಿರುವುದು ಏನೆಂದು ಗೊತ್ತಿದ್ದೂ ನಿಲ್ಲಿಸಲಿಲ್ಲ.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಗುರುಬಸವರಾಜ್ ಅಂಗಳದಲ್ಲಿ ಒಣಗಿದ ಬೇರನ್ನು ಚೀಲಕ್ಕೆ ತುಂಬುತ್ತಿದ್ದ. "ಹೆಂಗಾತು ಭಾಷಣ?" ಎಂದ. "ಆತು," ಎಂದು ಒಳಗೆ ಹೋದಳು. ರುದ್ರಾಣಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು. ಸಿಂಚನ ಅವರ ಬೆನ್ನಿಗೆ ಒರಗಿ, ಸೊಪ್ಪಿನ ದಂಟುಗಳನ್ನು ಒಂದೇ ಸಾಲಿಗೆ ಜೋಡಿಸುತ್ತಿದ್ದಳು. ಗಂಟಲಲ್ಲಿ ಆ ಸದ್ದು. ಮೇಘಶ್ರೀ ಬ್ಯಾಗು ಕೆಳಗಿಡದೆ ಅಲ್ಲೇ ಕುಕ್ಕರಿಸಿದಳು.

"ಅತ್ತೆ, ಒಂದು ಕೇಳ್ತೀನಿ. ನಿಜ ಹೇಳ್ರಿ. ನಾನು ಬೈಯಲ್ಲ, ಬೇಜಾರು ಮಾಡ್ಕಳಲ್ಲ. ನಾನು ಕಾಲೇಜಿಗೆ ಹೋದಾಗ ಇವಳಿಗೆ ಯಾವತ್ತಾದ್ರೂ ಬಜೆ ಹಾಕೀರಾ?"

ರುದ್ರಾಣಮ್ಮನ ಕೈ ನಿಂತಿತು. "ಯಾರು ಹೇಳಿದ್ರು ಹಂಗಂತ? ಪ್ರಮೀಳಾನಾ?"

"ಯಾರೂ ಹೇಳಿಲ್ಲ. ಹಾಕಿದ್ರೆ ಹಾಕೀನಿ ಅನ್ರಿ. ಒಂದೇ ಸಲ ಆಗಿದ್ರೂ ಹೇಳ್ರಿ."

ಮುದುಕಿ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ಲಿಂಗದ ಆಣೆ, ಒಂದು ದಿನ ಹಾಕಿಲ್ಲ. ಆಸೆ ಆಗ್ತಿರಲಿಲ್ಲ ಅಂತ ಅನ್ನಲ್ಲ ಕಣವ್ವ. ಕಲ್ಲು ಕೆಳಗೆ ಇಳಿಸಿದ್ದೂ ಐತೆ. ಆದ್ರೆ ನೀನು ಹೆತ್ತಾಕೆ, ಓದಿದಾಕೆ, ಬೇಡ ಅಂದಿದ್ದಿ. ನಿನ್ನ ಬೆನ್ನ ಹಿಂದೆ ನಿನ್ನ ಮಗಳ ಬಾಯಿಗೆ ಕೈ ಹಾಕೋಳಲ್ಲ ನಾನು." ಅವರ ಕಣ್ಣು ತುಂಬಿತ್ತು, ಅವಮಾನವಾದವರ ಹಾಗೆ. ಸುಳ್ಳು ಹೇಳಲು ಬಾರದ ಮುಖ. ಮೂರು ವರ್ಷ ಈ ಹೆಂಗಸು ಅವಳ ಮಾತನ್ನು ವ್ರತದ ಹಾಗೆ ಪಾಲಿಸಿದ್ದರು. ಯಾವ ಪ್ರಯೋಗಶಾಲೆಯಲ್ಲೂ ಇಷ್ಟು ಶುದ್ಧವಾಗಿ ಪ್ರಯೋಗವನ್ನು ಯಾರೂ ನಡೆಸಿರಲಾರರು. ಮೇಘಶ್ರೀಗೆ ಅತ್ತೆಯ ಕಾಲು ಹಿಡಿಯಬೇಕೆನಿಸಿತು, ಅದೇ ಹೊತ್ತಿಗೆ ಈ ಮುದುಕಿ ಯಾಕಾದರೂ ಇಷ್ಟು ಒಳ್ಳೆಯವಳೋ ಎಂದು ದ್ವೇಷ ಬಂತು.

ಬ್ಯಾಗನ್ನು ಈಗ ಕೆಳಗಿಟ್ಟಳು. ಆಮೇಲೆ, "ಕಲ್ಲು ಇಳಿಸ್ರಿ ಅತ್ತೆ," ಎಂದಳು.

ರುದ್ರಾಣಮ್ಮ ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಿಲ್ಲುತ್ತಿತ್ತು. ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿ, ಕಲ್ಲನ್ನಿಳಿಸಿ ತೊಳೆದರು. ಹಳೆಯ ಒಣ ಬಜೆಯ ತುಂಡೊಂದನ್ನು ಎಣ್ಣೆಯಲ್ಲಿ ಅದ್ದಿ ದೀಪದ ಉರಿಗೆ ಹಿಡಿದರು. "ಹಸೀದು ತೇಯಬಾರದು, ಸುಟ್ಟು ತೇಯಬೇಕು. ಅದರ ನಂಜು ಹೋಗ್ತೈತೆ." ಕಾಯಿಸಿದರೆ ಬೀಟಾ-ಅಸರೋನ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದು ಎಲ್ಲೋ ಓದಿದ್ದನ್ನು ಮೇಘಶ್ರೀಯ ತಲೆ ತಾನಾಗಿ ಹೇಳಿತು. ತಲೆ ಹೇಳುತ್ತಲೇ ಇತ್ತು, ಪಕ್ಕದ ಮನೆಯ ರೇಡಿಯೊದ ಹಾಗೆ. ಗುರುಬಸವರಾಜ್ ನೀರು ಕುಡಿಯಲು ಒಳಬಂದವನು ಕಲ್ಲನ್ನೂ ಹೆಂಡತಿಯನ್ನೂ ನೋಡಿದ. ನೀರು ಕುಡಿಯದೆ ಹೊರಗೆ ಹೋದ. ಚೀಲ ಹೊಲಿಯುವ ಸದ್ದು ಬೇಗ ಬೇಗ ಕೇಳತೊಡಗಿತು.

ಕಲ್ಲಿನ ಮೇಲೆ ಜೇನು ಬಿಟ್ಟು ಮೇಘಶ್ರೀ ತೇಯ್ದಳು. ಕರಿ ಕರಿಯಾಗಿ ರಸ ಬಿಟ್ಟಿತು. "ದೊಡ್ಡ ಹುಡುಗಿ, ಒಂದೆರಡು ಸುತ್ತು ಜಾಸ್ತಿ ಆದರೂ ನಡೀತೈತೆ. ಹಾಂ, ಸಾಕು," ಎಂದರು ರುದ್ರಾಣಮ್ಮ. ಅವಳ ಕೈ ನಿಲ್ಲಲಿಲ್ಲ. ತೊಟ್ಟಿಲ ದಿನದ ಒಂದು ಸುತ್ತು ಬಿಟ್ಟುಹೋಗಿತ್ತು. ಹಲ್ಲು ಬಂದಾಗಿನದು ಬಿಟ್ಟುಹೋಗಿತ್ತು. ಹೊಸಿಲು ದಾಟಿದಾಗಿನದು, ಓರಗೆಯ ಮಕ್ಕಳೆಲ್ಲ ಅಕ್ಕಪಕ್ಕದ ಮನೆಗಳಲ್ಲಿ ತೊದಲಲು ಶುರುಮಾಡಿದಾಗಿನದು. ಎಲ್ಲವೂ ಈ ಕಲ್ಲಿನ ಮೇಲೆ ಬಾಕಿ ಇತ್ತು. "ಸಾಕು ಬಿಡೇ ಮೇಘ, ಇಷ್ಟ್ಯಾಕೆ? ಖಾರ ಆಗ್ತೈತೆ ಮಗೀಗೆ," ಎಂದು ಅತ್ತೆ ಅವಳ ಮಣಿಕಟ್ಟು ಹಿಡಿದರು. ಬಿಡಿಸಿಕೊಂಡು ಇನ್ನಷ್ಟು ತೇಯ್ದಳು. ಮಾತು ಬರುತ್ತದೆಂದು ಅವಳು ನಂಬಿರಲಿಲ್ಲ, ಅಷ್ಟು ಸುಖ ಅವಳ ಹಣೆಯಲ್ಲಿರಲಿಲ್ಲ. ಕೊಟ್ಟೆನಲ್ಲ ಎನ್ನುವ ಹಾಗಾಗಬೇಕಿತ್ತು. ಇನ್ನು ಮೇಲೆ ಮಾತು ಬಾರದಿದ್ದರೆ ತಪ್ಪು ತನ್ನದಲ್ಲ, ಬೇರಿನದು. ಅದಕ್ಕಾಗಿ ಮಗಳ ನಾಲಿಗೆ ಬೇಕಿತ್ತು.

ಬೆರಳಿಗೆ ಬಳಿದುಕೊಂಡು, "ಬಾ ಪುಟ್ಟಿ," ಎಂದಳು. ಸಿಂಚನ ದಂಟುಗಳನ್ನು ಬಿಟ್ಟು ಬಂದಳು. ಅವ್ವನ ಬೆರಳಿಗೆ ಅವಳು ಯಾವಾಗಲೂ ಬಾಯಿ ತೆರೆಯುತ್ತಿದ್ದಳು. ಮೊದಲ ಸಲ ಜೇನಿನ ಸಿಹಿಗೆ ಚಪ್ಪರಿಸಿದಳು. ಎರಡನೆಯ ಸಲ ಮುಖ ಕಿವುಚಿದಳು. ಮೂರನೆಯ ಸಲ ಮೇಘಶ್ರೀ ಅವಳ ಕೆನ್ನೆ ಒತ್ತಿ ಬಾಯಿ ಬಿಡಿಸಬೇಕಾಯಿತು. ಕಲ್ಲು ಖಾಲಿಯಾಗುವವರೆಗೂ ಬಿಡಲಿಲ್ಲ. ಮಗು ಅಳಲಿಲ್ಲ. ಗಂಟಲಿನ ಆ ಸದ್ದು ನಿಂತುಹೋಯಿತು.

ದೀಪ ಹಚ್ಚುವ ಹೊತ್ತಿಗೆ ಸಿಂಚನ ಚಾಪೆಯ ಮೇಲೆ ವಾಂತಿ ಮಾಡಿಕೊಂಡಳು. ಬಿಳಿ ಲೋಳೆ, ಅದರಲ್ಲಿ ಕಪ್ಪು ಗೆರೆ. ಮತ್ತೊಮ್ಮೆ ಮಾಡಿಕೊಂಡಳು, ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿ. ರುದ್ರಾಣಮ್ಮ ಓಡಿಬಂದು ಲೋಳೆಯನ್ನು ನೋಡಿದರು, ಅವರ ಮುಖ ಅರಳಿತು. "ಕಫ! ಕಫ ಕಿತ್ತು ಬಂತು ನೋಡೇ! ಮಾತು ಕಟ್ಟಿದ್ದೇ ಇದು. ಗುರು, ಬಾರೋ ಇಲ್ಲಿ, ನೋಡ್ಬಾ!" ಗುರುಬಸವರಾಜ್ ಬಾಗಿಲಲ್ಲಿ ನಿಂತು, ಅವ್ವನನ್ನಲ್ಲ, ಹೆಂಡತಿಯನ್ನು ನೋಡಿದ. ಮನೆಯಲ್ಲಿ ಗೊತ್ತಿರುವವಳು ಅವಳು. "ಕಫಾನಾ ಅದು?" ಎಂದ.

ಬೆಳಿಗ್ಗೆ ಅಂಗನವಾಡಿಯಲ್ಲಿ ಹೇಳಿದ ಒಂದೊಂದು ವಾಕ್ಯವೂ ಅವಳ ತಲೆಯಲ್ಲಿ ಸರಿಯಾದ ಕ್ರಮದಲ್ಲಿ ನಿಂತಿತ್ತು. ಈಗಲೇ ಹೊರಟರೆ ದಾವಣಗೆರೆ ದೂರವೇನಲ್ಲ. ಏನು ಕೊಟ್ಟಿರಿ ಎಂದು ಡಾಕ್ಟರು ಕೇಳುತ್ತಾರೆ. ಯಾರು ಕೊಟ್ಟದ್ದು ಎಂದು ಕೇಳುತ್ತಾರೆ. ಮಗುವಿನ ನಾಡಿ ಹಿಡಿದು ನೋಡಿದಳು. ವೇಗವಾಗಿತ್ತು, ಬಹಳ ವೇಗವೇನಲ್ಲ. ಬಹಳ ಎಂದರೆ ಎಷ್ಟು ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಹೌದು," ಎಂದಳು. "ಕಫ."

ಗುರುಬಸವರಾಜ್ ದೊಡ್ಡದಾಗಿ ಉಸಿರು ಬಿಟ್ಟ. ರುದ್ರಾಣಮ್ಮ ಬಿಸಿನೀರು ತಂದು ತಾವೇ ಚಾಪೆ ಒರೆಸಿದರು, ಸೊಸೆಯನ್ನು ಏಳಲು ಬಿಡಲಿಲ್ಲ. "ಕೂತ್ಕ ತಾಯಿ, ಹಗಲೆಲ್ಲ ಸುತ್ತಿ ಬಂದೀಯ. ಕಾಫಿ ಮಾಡ್ತೀನಿ," ಎಂದು ಅವಳ ತಲೆ ಸವರಿದರು. ಈ ಮನೆಗೆ ಬಂದಾಗಿನಿಂದ ಅವರು ಅವಳನ್ನು ಹಾಗೆ ಮುಟ್ಟಿರಲಿಲ್ಲ. ಮೇಘಶ್ರೀ ಮಗಳ ತುಟಿ ಒರೆಸಲು ಬೆರಳು ಚಾಚಿದಳು. ಸಿಂಚನ ಆ ಬೆರಳನ್ನು ನೋಡಿ, ತುಟಿಗಳನ್ನು ಒಳಗೆ ಮಡಚಿ, ಹಲ್ಲಿನಿಂದ ಬಿಗಿಯಾಗಿ ಕಚ್ಚಿ ಹಿಡಿದಳು.

"ನಾಳೇನೂ ಒಂದಿಷ್ಟು ಹಾಕಾಣ, ಇನ್ನೂ ಐತೆ ಒಳಗೆ," ಎಂದರು ರುದ್ರಾಣಮ್ಮ ಒಲೆಯ ಹತ್ತಿರದಿಂದ. "ನಾನು ತೇಯ್ಲೇನು?"

"ಬೇಡ ಅತ್ತೆ," ಎಂದಳು ಮೇಘಶ್ರೀ. "ನಾನೇ ತೇಯ್ತೀನಿ."